ಪುಷ್ಪಕ ವಿಮಾನ ಇದ್ದ ಮೇಲೆ ಸೇತುವೆ ಯಾಕೆ?

ವೀಕ್ಷಕರೇ, ಇವತ್ತು ಒಂದು ಪ್ರಶ್ನೆಯಿಂದಲೇ ಶುರು ಮಾಡೋಣ. ರಾಮಾಯಣದಲ್ಲಿ ಪುಷ್ಪಕ ವಿಮಾನ ಇದೆ. ಆಕಾಶದಲ್ಲಿ ಹಾರುತ್ತೆ, ಮನಸ್ಸಿನಲ್ಲಿ ಅಂದುಕೊಂಡ ಕಡೆ ಹೋಗುತ್ತೆ. ಎಷ್ಟು ಜನ ಹತ್ತಿದರೂ ಇನ್ನೊಬ್ಬರಿಗೆ ಜಾಗ ಇರುತ್ತೆ ಅಂತ ನಮ್ಮ ಹಿರಿಯರು ಹೇಳ್ತಾರೆ. ಈ ಒಂದು ವಿಷಯದಲ್ಲಿ ಅದು ನಮ್ಮ ಸರ್ಕಾರಿ ಬಸ್ಸಿನ ಥರಾನೇ ಅನ್ನಿ. ಹಾಗಾದ್ರೆ ವಾನರ ಸೇನೆ ಕಲ್ಲು, ಮರ ಹೊತ್ತು ಸಮುದ್ರಕ್ಕೆ ಸೇತುವೆ ಕಟ್ಟಿದ್ದು ಯಾಕೆ? ವಿಮಾನದಲ್ಲೇ ಹೋಗಬಹುದಿತ್ತಲ್ಲ?

ಕಥೆ ಗೊತ್ತಿರುವವರು ಇದಕ್ಕೆ ತಕ್ಷಣ ಉತ್ತರ ಹೇಳ್ತಾರೆ. ವಿಮಾನ ಆಗ ರಾಮನ ಹತ್ತಿರ ಇರಲೇ ಇಲ್ಲ. ಅದು ಕುಬೇರನದು. ಕುಬೇರನಿಂದ ರಾವಣ ಕಿತ್ತುಕೊಂಡಿದ್ದ. ಯುದ್ಧ ಮುಗಿದ ಮೇಲೆ, ವಿಭೀಷಣ ಕೊಟ್ಟಾಗ ಮಾತ್ರ ರಾಮ ಅದನ್ನು ಹತ್ತಿದ್ದು. ಸರಿ, ಒಪ್ಪಿದೆ. ಆದ್ರೆ ಪ್ರಶ್ನೆ ಕೇಳುವವರು ಅಷ್ಟಕ್ಕೇ ಬಿಡ್ತಾರಾ? ಹನುಮಂತ ಸಮುದ್ರ ಹಾರಿ ಅಶೋಕವನಕ್ಕೆ ಹೋಗಿದ್ದ. ಸೀತೆಯನ್ನು ಹೆಗಲ ಮೇಲೆ ಕೂರಿಸಿಕೊಂಡು ಅವತ್ತೇ ವಾಪಸ್ ಬಂದಿದ್ರೆ ಯುದ್ಧವೇ ಬೇಕಿರಲಿಲ್ಲ, ಅಲ್ವಾ?

ಗಮನಿಸಿ. ಈ ಪ್ರಶ್ನೆ ವಾಲ್ಮೀಕಿಗೂ ಹೊಳೆದಿತ್ತು. ಸುಂದರಕಾಂಡದಲ್ಲಿ ಹನುಮಂತ ಅದೇ ಮಾತನ್ನು ಹೇಳ್ತಾನೆ: ತಾಯಿ, ನನ್ನ ಬೆನ್ನ ಮೇಲೆ ಕೂತುಕೊಳ್ಳಿ, ಕರೆದುಕೊಂಡು ಹೋಗ್ತೀನಿ ಅಂತ. ಸೀತೆ ಬೇಡ ಅಂತಾಳೆ. ಅದಕ್ಕೆ ಕಾರಣಗಳನ್ನೂ ಕೊಡ್ತಾಳೆ. ದಾರಿಯಲ್ಲಿ ರಾಕ್ಷಸರು ಮೇಲೆ ಬಿದ್ದರೆ ನೀನು ಹೋರಾಡ್ತೀಯೋ, ನನ್ನನ್ನು ಕಾಯ್ತೀಯೋ? ನಾನು ಸಮುದ್ರಕ್ಕೆ ಬಿದ್ದರೆ? ಎಲ್ಲಕ್ಕಿಂತ ಹೆಚ್ಚಾಗಿ, ರಾಮನೇ ಬಂದು ರಾವಣನನ್ನು ಗೆದ್ದು ಕರೆದುಕೊಂಡು ಹೋದರೇ ಅವನಿಗೆ ಗೌರವ. ಅಂದ್ರೆ ಕೇಳುಗ ಎಲ್ಲಿ ಕೈ ಎತ್ತುತ್ತಾನೆ ಅನ್ನೋದು ಕವಿಗೆ ಮೊದಲೇ ಗೊತ್ತಿತ್ತು. ಕೈ ಎತ್ತುವ ಮುಂಚೆಯೇ ಉತ್ತರ ಇಟ್ಟಿದ್ದಾನೆ.

ಇವತ್ತು ನಾನು ಮಾತಾಡಬೇಕು ಅಂದುಕೊಂಡಿರುವುದು ಈ ಕೈ ಎತ್ತುವವರ ಚರಿತ್ರೆ ಬಗ್ಗೆ. ಬಾಹ್ಯಾಕಾಶದ ಧಾರಾವಾಹಿ ನೋಡಿ, ‘ಆ ನೌಕೆ ಬೆಳಕಿಗಿಂತ ವೇಗವಾಗಿ ಹೇಗೆ ಹೋಯ್ತು, ಕಳೆದ ವಾರ ಕೆಟ್ಟಿದ್ದ ಎಂಜಿನ್ ಈ ವಾರ ಹೇಗೆ ಸರಿ ಹೋಯ್ತು’ ಅಂತ ರಾತ್ರಿಯಿಡೀ ಜಗಳ ಆಡುವವರಿದ್ದಾರೆ. ಇವರಿಗೆ ಬೇರೆ ಕೆಲಸ ಇಲ್ವಾ ಅಂತ ನಗುವವರೂ ಇದ್ದಾರೆ. ನಗಬೇಡಿ. ಈ ಜಗಳದಿಂದ ಬಹಳ ಕೆಲಸ ಆಗಿದೆ.

ಮೊದಲು ನಮ್ಮ ಮನೆಯಿಂದಲೇ ನೋಡೋಣ. ಕರಾವಳಿ, ಮಲೆನಾಡು ಮತ್ತು ಕಾಸರಗೋಡಿನಲ್ಲಿ ತಾಳಮದ್ದಳೆ ಅಂತ ಇದೆ. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ ಹಾಡ್ತಾರೆ, ಅರ್ಥಧಾರಿಗಳು ಕೂತಲ್ಲೇ ಪಾತ್ರವಾಗಿ ಮಾತಾಡ್ತಾರೆ. ಬರೆದುಕೊಟ್ಟ ಸಂಭಾಷಣೆ ಇರುವುದಿಲ್ಲ. ವಾಲಿವಧೆ ಪ್ರಸಂಗ ಅಂದ್ರೆ, ಮರೆಯಲ್ಲಿ ನಿಂತು ಬಾಣ ಬಿಟ್ಟಿದ್ದು ಯಾವ ಧರ್ಮ ಅಂತ ವಾಲಿ ರಾಮನನ್ನು ಕೇಳ್ತಾನೆ. ರಾಮನ ಪಾತ್ರಧಾರಿ ಉತ್ತರ ಕೊಡಲೇಬೇಕು. ಕಾಸರಗೋಡು ಕಡೆಯ ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ಕೂತರೆ, ಆ ಪ್ರಶ್ನೆಗಳಿಗೆ ಉತ್ತರ ಹೇಗೆ ಬರುತ್ತೆ ಅಂತ ಕೇಳೋದಕ್ಕೇ ಜನ ರಾತ್ರಿಯೆಲ್ಲಾ ಕೂರ್ತಿದ್ದರು. ಅಲ್ಲಿ ಒಂದೇ ನಿಯಮ. ವಾದದಲ್ಲಿ ವಾಲಿ ಎಷ್ಟೇ ಗೆದ್ದರೂ ಕೊನೆಗೆ ವಾಲಿ ಸಾಯಲೇಬೇಕು. ಕಥೆ ಬದಲಾಯಿಸುವ ಹಾಗಿಲ್ಲ. ಕಥೆಯ ಬೇಲಿಯ ಒಳಗೇ ವಾದ.

ನಮ್ಮ ದೊಡ್ಡಬಳ್ಳಾಪುರ ತಾಲೂಕಿನ ಸಾಸಲು ಕಡೆ ತಾಳಮದ್ದಳೆ ಇಲ್ಲ. ಇಲ್ಲಿ ಪೌರಾಣಿಕ ನಾಟಕ. ಹಾರ್ಮೋನಿಯಂ ಮೇಷ್ಟ್ರು ಬಂದು ತಿಂಗಳುಗಟ್ಟಲೆ ಕಲಿಸ್ತಾರೆ. ರೈತರು, ಮಗ್ಗದವರು, ಅಂಗಡಿಯವರು ಕಿರೀಟ ಇಟ್ಟುಕೊಂಡು ‘ಕುರುಕ್ಷೇತ್ರ’ ಆಡ್ತಾರೆ. ನಾಟಕ ಬೆಳಗಿನ ಜಾವ ಮುಗಿಯುತ್ತೆ. ಅಸಲಿ ಚರ್ಚೆ ಶುರುವಾಗೋದು ಆಮೇಲೆ, ಟೀ ಅಂಗಡಿ ಮುಂದೆ. ‘ಅಲ್ಲಪ್ಪ, ಕೃಷ್ಣನಿಗೆ ಎಲ್ಲಾ ಗೊತ್ತಿದ್ಮೇಲೆ ಅಭಿಮನ್ಯೂನ ಯಾಕೆ ಒಳಕ್ಕೆ ಬಿಟ್ಟ?’ ‘ಬಿಟ್ಟಿದ್ದು ಕೃಷ್ಣ ಅಲ್ಲ ಕಣಣ್ಣ, ಅವತ್ತು ಅರ್ಜುನನ್ನ ಕರ್ಕೊಂಡು ಬೇರೆ ಕಡೆ ಹೋಗಿದ್ದ.’ ‘ಅದನ್ನೇ ಕೇಳ್ತಿರೋದು, ಗೊತ್ತಿದ್ದೂ ಯಾಕೆ ಹೋದ?’ ಇಂಥ ಮಾತಿಗೆ ಯಾರೂ ಯಾರನ್ನೂ ನಾಸ್ತಿಕ ಅನ್ನಲಿಲ್ಲ. ಕೇಳಿದವನೇ ಮಾರನೇ ದಿನ ಗುಡಿಗೆ ಹೋಗಿ ಮಂಗಳಾರತಿ ತಗೊಂಡು ಬರ್ತಿದ್ದ.

ಇದೇ ಜನರ ಮನೆಗೆ ಟಿವಿ ಬಂತು. 1981ರಲ್ಲಿ ಬೆಂಗಳೂರಿನಲ್ಲಿ ದೂರದರ್ಶನ ಶುರುವಾಯಿತು. 1987ರ ಜನವರಿಯಿಂದ 1988ರ ಜುಲೈವರೆಗೆ ಭಾನುವಾರ ಬೆಳಗ್ಗೆ ರಮಾನಂದ ಸಾಗರ್ ಅವರ ರಾಮಾಯಣ. ಅದೇ 80ರ ದಶಕದ ಭಾನುವಾರಗಳಲ್ಲೇ ಅಮೆರಿಕದ ‘ಸ್ಟಾರ್ ಟ್ರೆಕ್’ ಕೂಡ ದೂರದರ್ಶನದಲ್ಲಿ ಬಂದಿತ್ತು. ಮೊನಚು ಕಿವಿಯ ಸ್ಪಾಕ್, ಬಟನ್ ಒತ್ತಿದರೆ ಮಾಯವಾಗಿ ಇನ್ನೊಂದು ಗ್ರಹದಲ್ಲಿ ಪ್ರತ್ಯಕ್ಷವಾಗುವ ಮನುಷ್ಯರು. ಆಮೇಲೆ ನಮ್ಮದೇ ಆದ ‘ಸ್ಪೇಸ್ ಸಿಟಿ ಸಿಗ್ಮಾ’ ಬಂತು. 1998ರಲ್ಲಿ ಕೇತನ್ ಮೆಹ್ತಾ ನಿರ್ದೇಶನದಲ್ಲಿ, ಮಿಲಿಂದ್ ಸೋಮನ್ ಅಭಿನಯದ ‘ಕ್ಯಾಪ್ಟನ್ ವ್ಯೋಮ್’ ಬಂತು. ಹಿಂದಿ ಅರ್ಥವಾಗದ ಮಕ್ಕಳೂ ನೋಡಿದರು. ಮಾತು ಅರ್ಥವಾಗದಿದ್ದರೂ ‘ಗಾಳಿ ಇಲ್ಲದ ಕಡೆ ಶಬ್ದ ಹೇಗೆ ಕೇಳಿಸ್ತು’ ಅಂತ ಎಂಟನೇ ಕ್ಲಾಸಿನ ವಿಜ್ಞಾನ ಓದಿದ ಹುಡುಗ ಕೇಳಬಹುದಿತ್ತು.

ಈಗ ಅಮೆರಿಕಕ್ಕೆ ಹೋಗೋಣ. ಸ್ಟಾರ್ ಟ್ರೆಕ್ ಅಲ್ಲಿ ಮೊದಲು ಪ್ರಸಾರವಾಗಿದ್ದು 1966ರ ಸೆಪ್ಟೆಂಬರ್ 8ರಂದು. ಮೂರೇ ಸೀಸನ್, 79 ಕಂತು. 1969ರಲ್ಲಿ ನಿಂತೇ ಹೋಯಿತು. ಅದಕ್ಕೂ ಮೊದಲು ನಿಲ್ಲಿಸುವ ಮಾತು ಬಂದಾಗ ಅಭಿಮಾನಿಗಳು ಚಾನೆಲ್‌ಗೆ ರಾಶಿ ರಾಶಿ ಪತ್ರ ಬರೆದು ಇನ್ನೊಂದು ಸೀಸನ್ ಉಳಿಸಿಕೊಂಡಿದ್ದರು. ಮನುಷ್ಯರನ್ನು ಮಾಯ ಮಾಡಿ ಕಳಿಸುವ ಆ ಯಂತ್ರ ಹುಟ್ಟಿದ ಕಾರಣ ಕೇಳಿದ್ರೆ ನಮ್ಮ ಸೀರಿಯಲ್‌ನವರಿಗೆ ಖುಷಿಯಾಗುತ್ತೆ: ಬಜೆಟ್ ಇರಲಿಲ್ಲ! ಪ್ರತಿ ವಾರ ಒಂದು ದೊಡ್ಡ ನೌಕೆ ಗ್ರಹದ ಮೇಲೆ ಇಳಿಯೋದನ್ನ ತೋರಿಸೋಕೆ ದುಡ್ಡು ಸಾಲದು. ಅದಕ್ಕೇ ಮನುಷ್ಯರನ್ನೇ ಬೆಳಕಿನ ಚುಕ್ಕಿ ಮಾಡಿ ಇಳಿಸಿದರು.

ಭೌತವಿಜ್ಞಾನ ಓದಿದ ಅಭಿಮಾನಿ ಬಿಡಲಿಲ್ಲ. ಒಂದು ಕಣ ಎಲ್ಲಿದೆ, ಎಷ್ಟು ವೇಗದಲ್ಲಿದೆ ಅನ್ನೋ ಎರಡನ್ನೂ ಒಟ್ಟಿಗೆ ಕರಾರುವಾಕ್ಕಾಗಿ ತಿಳಿಯೋಕೆ ಆಗಲ್ಲ ಅಂತ ಹೈಸನ್‌ಬರ್ಗ್ ತತ್ವ ಹೇಳುತ್ತೆ. ಹಾಗಿದ್ದ ಮೇಲೆ ಕೋಟಿ ಕೋಟಿ ಕಣಗಳ ಮನುಷ್ಯನನ್ನು ಬಿಚ್ಚಿ ಮತ್ತೆ ಜೋಡಿಸೋದು ಹೇಗೆ? ಮುಂದಿನ ಸರಣಿಯಲ್ಲಿ ಬರಹಗಾರರು ಯಂತ್ರಕ್ಕೆ ಒಂದು ಭಾಗ ಸೇರಿಸಿದರು. ಹೆಸರು ‘ಹೈಸನ್‌ಬರ್ಗ್ ಕಾಂಪೆನ್ಸೇಟರ್’. ಅದು ಹೇಗೆ ಕೆಲಸ ಮಾಡುತ್ತೆ ಅಂತ ಕೇಳಿದಾಗ ಸರಣಿಯ ಕಲಾ ವಿಭಾಗದ ಮೈಕಲ್ ಒಕುಡಾ, ಬಹಳ ಚೆನ್ನಾಗಿ ಕೆಲಸ ಮಾಡುತ್ತೆ, ಧನ್ಯವಾದ ಅನ್ನೋ ಅರ್ಥದ ಉತ್ತರ ಕೊಟ್ಟು ನಕ್ಕರು. ನನಗೆ ಈ ಉತ್ತರ ತುಂಬಾ ಇಷ್ಟ. ಅದರಲ್ಲಿ ಪ್ರಾಮಾಣಿಕತೆ ಇದೆ. ನಿಮ್ಮ ಪ್ರಶ್ನೆ ಸರಿ ಇದೆ, ಇದು ಕಥೆ ಅನ್ನೋದು ನನಗೂ ಗೊತ್ತು, ನಿಮಗೂ ಗೊತ್ತು ಅಂತ ಅದರ ಅರ್ಥ.

ಇನ್ನೊಂದು ಪ್ರಸಂಗ, ಇದು ಪುಸ್ತಕದ್ದು. 1970ರಲ್ಲಿ ಲ್ಯಾರಿ ನಿವೆನ್ ‘ರಿಂಗ್‌ವರ್ಲ್ಡ್’ ಅನ್ನೋ ಕಾದಂಬರಿ ಬರೆದ. ಒಂದು ನಕ್ಷತ್ರದ ಸುತ್ತ ಬಳೆಯ ಹಾಗೆ ಕಟ್ಟಿದ ಲೋಕ. ಆರಂಭದಲ್ಲೇ ನಾಯಕ ತನ್ನ ಹುಟ್ಟುಹಬ್ಬದ ದಿನವನ್ನು ಉದ್ದ ಮಾಡಿಕೊಳ್ಳೋಕೆ ಊರಿಂದ ಊರಿಗೆ ಹಾರ್ತಾನೆ. ಮೊದಲ ಮುದ್ರಣದಲ್ಲಿ ಅವನು ಹೋಗಿದ್ದು ಪೂರ್ವಕ್ಕೆ! ಪೂರ್ವಕ್ಕೆ ಹೋದ್ರೆ ದಿನ ಬೇಗ ಮುಗಿಯುತ್ತೆ ಸ್ವಾಮಿ, ಉದ್ದ ಆಗಲ್ಲ. ಓದುಗರು ಹಿಡಿದರು, ಮುಂದಿನ ಮುದ್ರಣದಲ್ಲಿ ತಿದ್ದುಪಡಿ ಆಯಿತು. 1971ರಲ್ಲಿ ಬಾಸ್ಟನ್‌ನಲ್ಲಿ ವಿಜ್ಞಾನ ಕಥೆಗಳ ವಿಶ್ವ ಸಮ್ಮೇಳನ ನಡೆದಾಗ ಎಂಐಟಿ ವಿದ್ಯಾರ್ಥಿಗಳು ಹೋಟೆಲ್‌ನ ಪಡಸಾಲೆಯಲ್ಲಿ, ಆ ಬಳೆ ಸ್ಥಿರವಾಗಿ ನಿಲ್ಲಲ್ಲ ಅಂತ ಘೋಷಣೆ ಕೂಗಿದರು. ನಮ್ಮಲ್ಲಿ ನೀರಿಗಾಗಿ, ಸೈಟಿಗಾಗಿ ಘೋಷಣೆ ಕೂಗ್ತೀವಿ, ಅವರು ಗುರುತ್ವಕ್ಕಾಗಿ ಕೂಗಿದರು. ಲೆಕ್ಕ ಅವರದ್ದೇ ಸರಿ. ಗಟ್ಟಿ ಬಳೆ ಒಂದಿಷ್ಟು ಪಕ್ಕಕ್ಕೆ ಸರಿದರೆ ಹತ್ತಿರವಾದ ಭಾಗವನ್ನು ನಕ್ಷತ್ರ ಇನ್ನೂ ಎಳೆಯುತ್ತೆ, ಕೊನೆಗೆ ಬಳೆ ಹೋಗಿ ನಕ್ಷತ್ರಕ್ಕೇ ಬಡಿಯುತ್ತೆ. ಶನಿಗ್ರಹದ ಬಳೆ ಗಟ್ಟಿ ತಟ್ಟೆಯಾಗಿರಲು ಸಾಧ್ಯವಿಲ್ಲ ಅಂತ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ 1859ರಲ್ಲೇ ತೋರಿಸಿದ್ದ. ನಿವೆನ್ ಕೋಪ ಮಾಡಿಕೊಳ್ಳಲಿಲ್ಲ. ಎರಡನೇ ಕಾದಂಬರಿ ಬರೆದು, ಬಳೆಯ ಅಂಚಿಗೆ ಅದನ್ನು ಸರಿ ಜಾಗದಲ್ಲಿ ಇಡುವ ಎಂಜಿನ್‌ಗಳನ್ನು ಜೋಡಿಸಿದ.

ಇಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳಿವೆ. ದಯವಿಟ್ಟು ಇದನ್ನ ಗಮನ ಇಟ್ಟು ಕೇಳಿ, ಯಾಕಂದ್ರೆ ಇಡೀ ಮಾತು ನಿಂತಿರೋದೇ ಇದರ ಮೇಲೆ. ಒಂದು: ಕಥೆ ತಾನೇ ಹಾಕಿಕೊಂಡ ನಿಯಮಕ್ಕೆ ಬದ್ಧವಾಗಿದೆಯಾ? ಎರಡು: ಕಥೆಯೊಳಗಿನ ಯಂತ್ರ ನಿಜ ಜಗತ್ತಿನಲ್ಲಿ ಕೆಲಸ ಮಾಡುತ್ತಾ? ಮೊದಲನೆಯದಕ್ಕೆ ಉತ್ತರ ಕಥೆಯ ಒಳಗೆ ಸಿಗುತ್ತೆ, ಸೀತೆ ಕೊಟ್ಟ ಉತ್ತರದ ಹಾಗೆ. ಎರಡನೆಯದಕ್ಕೆ ಕಥೆಯೊಳಗೆ ಉತ್ತರ ಇಲ್ಲ. ಅದಕ್ಕೆ ತಕ್ಕಡಿ, ಅಳತೆ ಕಡ್ಡಿ, ಲೆಕ್ಕದ ಹಾಳೆ ಬೇಕು.

ಎರಡನೇ ಪ್ರಶ್ನೆಗೆ ನಮ್ಮ ಸ್ಟುಡಿಯೋದ್ದೇ ಒಂದು ಉದಾಹರಣೆ ಕೊಡ್ತೀನಿ. ನಾನು ಇಲ್ಲಿಂದ ಪ್ರಶ್ನೆ ಕೇಳಿದಾಗ ಓಬಿ ವ್ಯಾನ್ ಮುಂದೆ ನಿಂತ ವರದಿಗಾರರು ಸ್ವಲ್ಪ ಹೊತ್ತು ಸುಮ್ಮನೆ ಕ್ಯಾಮೆರಾ ನೋಡ್ತಾರಲ್ಲ, ‘ಇವರಿಗೆ ಉತ್ತರ ಗೊತ್ತಿಲ್ಲ’ ಅಂದುಕೊಳ್ಳಬೇಡಿ. ನನ್ನ ಪ್ರಶ್ನೆ ಭೂಮಿಯಿಂದ ಸುಮಾರು 36,000 ಕಿ.ಮೀ. ಮೇಲಿರುವ ಉಪಗ್ರಹಕ್ಕೆ ಹೋಗಿ, ಅಷ್ಟೇ ದೂರ ಕೆಳಗೆ ಬರಬೇಕು. ಒಟ್ಟು 72,000 ಕಿ.ಮೀ. ಬೆಳಕಿನ ವೇಗ ಸೆಕೆಂಡಿಗೆ 3 ಲಕ್ಷ ಕಿ.ಮೀ. ಅಂದ್ರೆ ಕಾಲು ಸೆಕೆಂಡ್. ಉತ್ತರ ವಾಪಸ್ ಬರೋಕೆ ಇನ್ನೊಂದು ಕಾಲು ಸೆಕೆಂಡ್. ಉಪಕರಣಗಳದ್ದು ಅದರ ಮೇಲೆ. ನಮಗೆ ಅತ್ಯಂತ ಹತ್ತಿರದ ನಕ್ಷತ್ರ, ಸೂರ್ಯನನ್ನು ಬಿಟ್ಟರೆ, 4.2 ಬೆಳಕಿನ ವರ್ಷ ದೂರ. ಅಲ್ಲಿನ ವರದಿಗಾರರಿಗೆ ಇವತ್ತು ಪ್ರಶ್ನೆ ಕೇಳಿದ್ರೆ ಉತ್ತರ ಬರೋಕೆ ಎಂಟೂವರೆ ವರ್ಷ ಬೇಕು. ಅಷ್ಟರಲ್ಲಿ ಇಲ್ಲಿ ಸರ್ಕಾರವೇ ಬದಲಾಗಿರುತ್ತೆ! ಧಾರಾವಾಹಿಯ ಕ್ಯಾಪ್ಟನ್ ಮಾತ್ರ ನಕ್ಷತ್ರದಾಚೆಯಿಂದ ಫೋನಿನಲ್ಲಿ ಮಾತಾಡಿದ ಹಾಗೆ ಮಾತಾಡ್ತಾನೆ. ತಮಾಷೆಯಾಗಿ ನೋಡೋಣ. ಹಾಗೆ ಆಗಲ್ಲ ಅನ್ನೋದನ್ನ ಮರೆಯದೆ ನೋಡೋಣ.

ಆ 36,000 ಕಿ.ಮೀ. ಲೆಕ್ಕವನ್ನು ಜಗತ್ತಿನ ಮುಂದಿಟ್ಟವರಲ್ಲಿ ಮುಖ್ಯ ಹೆಸರು ಯಾರದು ಗೊತ್ತಾ? ವಿಜ್ಞಾನ ಕಥೆಗಾರ ಆರ್ಥರ್ ಸಿ. ಕ್ಲಾರ್ಕ್. 1945ರಲ್ಲಿ ‘ವೈರ್‌ಲೆಸ್ ವರ್ಲ್ಡ್’ ಪತ್ರಿಕೆಯಲ್ಲಿ ಅವರು ಬರೆದರು: ಅಷ್ಟು ಎತ್ತರದಲ್ಲಿ ಉಪಗ್ರಹ ಇಟ್ಟರೆ ಅದು ಭೂಮಿಯ ಜೊತೆಗೇ ಸುತ್ತುತ್ತಾ ಒಂದೇ ಕಡೆ ನಿಂತ ಹಾಗೆ ಕಾಣುತ್ತೆ, ಮೂರು ಇಟ್ಟರೆ ಇಡೀ ಜಗತ್ತಿಗೆ ಪ್ರಸಾರ ಮಾಡಬಹುದು. ಮೂವತ್ತು ವರ್ಷದ ನಂತರ, 1975ರ ಆಗಸ್ಟ್ 1ರಂದು, ನಾಸಾದ ಎಟಿಎಸ್-6 ಉಪಗ್ರಹ ಬಳಸಿ ಇಸ್ರೋ ಒಂದು ವರ್ಷದ ಪ್ರಯೋಗ ಶುರು ಮಾಡಿತು. ಹೆಸರು ಸೈಟ್. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು. ನಮ್ಮ ರಾಜ್ಯದಲ್ಲಿ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳು. ಬೆಂಗಳೂರಿಗೆ ದೂರದರ್ಶನ ಬರೋದಕ್ಕೆ ಆರು ವರ್ಷ ಮುಂಚೆ ಆ ಹಳ್ಳಿಗಳ ಜನ ತಂತಿ ಜಾಲರಿಯ ದೊಡ್ಡ ಛತ್ರಿ ಕೆಳಗೆ ಕೂತು ಆಕಾಶದಿಂದ ಬಂದ ಚಿತ್ರ ನೋಡಿದರು. ಆ ಪ್ರಸಾರ ಹಿಡಿಯುವ ಒಂದು ಸೆಟ್ಟನ್ನು ಇಸ್ರೋ ಕೊಲಂಬೊದಲ್ಲಿದ್ದ ಕ್ಲಾರ್ಕ್ ಅವರ ಮನೆಗೂ ಹಾಕಿಕೊಟ್ಟಿತ್ತು. ಕಥೆಗಾರ ಕಂಡ ಕನಸು ರಾಯಚೂರಿಗೆ ತಲುಪಿತು. ತಲುಪಿದ್ದು ಯಾಕೆ? ಕ್ಲಾರ್ಕ್ ಬರೀ ಕನಸು ಬರೆಯಲಿಲ್ಲ. ಎತ್ತರ ಎಷ್ಟು, ವೇಗ ಎಷ್ಟು ಅಂತ ಬರೆದರು. ತಪ್ಪಾಗಿದ್ದರೆ ತಪ್ಪು ಅಂತ ಯಾರು ಬೇಕಾದರೂ ತೋರಿಸಬಹುದಿತ್ತು.

1994ರಲ್ಲಿ ಮೆಕ್ಸಿಕೋದ ಮಿಗೆಲ್ ಅಲ್ಕುಬಿಯೆರೆ ಇದೇ ಹಾದಿ ಹಿಡಿದ. ಸ್ಟಾರ್ ಟ್ರೆಕ್‌ನ ‘ವಾರ್ಪ್’ ವೇಗಕ್ಕೆ ಐನ್‌ಸ್ಟೈನ್ ಸಮೀಕರಣಗಳಲ್ಲಿ ಜಾಗ ಇದೆಯಾ ಅಂತ ಲೆಕ್ಕ ಹಾಕಿದ. ಜಾಗ ಇದೆ, ಆದ್ರೆ ಅದಕ್ಕೆ ಋಣಾತ್ಮಕ ಶಕ್ತಿ ಬೇಕು, ಅದು ಬೇಕಾದಷ್ಟು ಯಾರ ಹತ್ತಿರವೂ ಇಲ್ಲ. ‘ನೌಕೆ ರೆಡಿ’ ಅಂತ ಅವನು ಹೇಳಲಿಲ್ಲ.

ಈಗ ನಮ್ಮೂರಿನ ಕಥೆಗೆ ಬರೋಣ. ‘ವೈಮಾನಿಕ ಶಾಸ್ತ್ರ’ ಅನ್ನೋ ಪುಸ್ತಕದ ಹೆಸರು ನೀವು ಕೇಳಿರ್ತೀರಿ. ಭರದ್ವಾಜ ಮಹರ್ಷಿಗಳು ಬರೆದ ವಿಮಾನ ತಂತ್ರಜ್ಞಾನ ಅಂತ ಪ್ರಚಾರ. ಅದರ ಚರಿತ್ರೆ ಹೀಗಿದೆ. ಆನೇಕಲ್‌ನ ಪಂಡಿತ ಸುಬ್ಬರಾಯ ಶಾಸ್ತ್ರಿಗಳು 1918ರಿಂದ 1923ರವರೆಗೆ ಆ ಶ್ಲೋಕಗಳನ್ನು ಹೇಳಿ ಬರೆಸಿದರು. ಚಿತ್ರಗಳನ್ನು ಬೆಂಗಳೂರಿನ ಎಲ್ಲಪ್ಪ ಎಂಬ ಡ್ರಾಫ್ಟ್ಸ್‌ಮನ್ ಬರೆದರು. ಮೈಸೂರಿನ ಜಿ.ಆರ್. ಜೋಯಿಸರ್ 1973ರಲ್ಲಿ ಇಂಗ್ಲಿಷ್ ಅನುವಾದದೊಂದಿಗೆ ಪ್ರಕಟಿಸಿದರು. ಶಕುನ, ಸುಂದರ, ರುಕ್ಮ, ತ್ರಿಪುರ ಅಂತ ನಾಲ್ಕು ವಿಮಾನಗಳ ಚಿತ್ರ, ಅಳತೆ ಅದರಲ್ಲಿವೆ.

ಮರುವರ್ಷವೇ, 1974ರಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ಅದನ್ನು ಕೈಗೆತ್ತಿಕೊಂಡರು: ಎಚ್.ಎಸ್. ಮುಕುಂದ, ಎಸ್.ಎಂ. ದೇಶಪಾಂಡೆ, ಎಚ್.ಆರ್. ನಾಗೇಂದ್ರ, ಎ. ಪ್ರಭು, ಎಸ್.ಪಿ. ಗೋವಿಂದರಾಜು. ಆ ಸಂಸ್ಥೆಯಲ್ಲಿ ವೈಮಾನಿಕ ಎಂಜಿನಿಯರಿಂಗ್ ವಿಭಾಗ ಶುರುವಾಗಿದ್ದು 1942ರಲ್ಲಿ. ಅಂದ್ರೆ ವಿಮಾನದ ವಿಷಯ ಗೊತ್ತಿದ್ದ ಮನೆ. ಅವರು ಪುಸ್ತಕವನ್ನು ಹರಿದು ಬಿಸಾಡಲಿಲ್ಲ, ಹೂವಿಟ್ಟು ಪೂಜೆಯನ್ನೂ ಮಾಡಲಿಲ್ಲ. ಓದಿದರು. ಭಾಷೆ ನೋಡಿದರು: ವೇದಕಾಲದ ಸಂಸ್ಕೃತ ಅಲ್ಲ, ಇತ್ತೀಚಿನದು. ಕಾಲ ನೋಡಿದರು: 1904ಕ್ಕಿಂತ ಹಿಂದಿನದು ಅನ್ನೋಕೆ ಆಧಾರ ಇಲ್ಲ. ಆಮೇಲೆ ಅಳತೆಗಳನ್ನು ಹಿಡಿದು ಲೆಕ್ಕ ಹಾಕಿದರು. ರುಕ್ಮ ವಿಮಾನದಲ್ಲಿ ಮೇಲಿಂದ ಗಾಳಿ ಎಳೆದು ಕೆಳಗೆ ತಳ್ಳುವ ಕಲ್ಪನೆ ಅರ್ಥವಾಗುವಂಥದ್ದು ಅಂತ ಅದಕ್ಕೆ ಸಲ್ಲಬೇಕಾದ್ದನ್ನು ಸಲ್ಲಿಸಿದರು. ಆದ್ರೆ ಒಟ್ಟು ತೀರ್ಪು: ಈ ನಾಲ್ಕರಲ್ಲಿ ಯಾವುದಕ್ಕೂ ಹಾರುವ ಗುಣ ಇಲ್ಲ. ಬರೆದವರಿಗೆ ವಿಮಾನಶಾಸ್ತ್ರದ ಅರಿವು ಇದ್ದಂತಿಲ್ಲ.

ಈ ಐವರನ್ನು ಪರಂಪರೆಯ ವಿರೋಧಿಗಳು ಅನ್ನೋಕೆ ಆಗುತ್ತಾ? ಅವರಲ್ಲಿ ಒಬ್ಬರಾದ ಎಚ್.ಆರ್. ನಾಗೇಂದ್ರ ಅವರೇ ಮುಂದೆ ಯೋಗಕ್ಕೆ ಜೀವನ ಕೊಟ್ಟರು. ಅದೇ ಆನೇಕಲ್ ತಾಲೂಕಿನ ಜಿಗಣಿ ಹತ್ತಿರದ ಪ್ರಶಾಂತಿ ಕುಟೀರದಲ್ಲಿ ಯೋಗ ವಿಶ್ವವಿದ್ಯಾಲಯ ಕಟ್ಟಿದವರಲ್ಲಿ ಮುಖ್ಯರು. 2016ರಲ್ಲಿ ಪದ್ಮಶ್ರೀ ಪಡೆದರು. ಪರಂಪರೆ ಮೇಲೆ ಪ್ರೀತಿಯೂ ಇರಬಹುದು, ಕೈಯಲ್ಲಿ ಅಳತೆ ಕಡ್ಡಿಯೂ ಇರಬಹುದು. ಎರಡೂ ಒಬ್ಬರಲ್ಲೇ ಇರಬಹುದು.

ಆದ್ರೆ 1974ರಲ್ಲಿ ಮುಗಿದಿದ್ದ ಚರ್ಚೆ 2015ರ ಜನವರಿಯಲ್ಲಿ ಮುಂಬೈನ ಭಾರತೀಯ ವಿಜ್ಞಾನ ಕಾಂಗ್ರೆಸ್ ವೇದಿಕೆಯಲ್ಲೇ ಮತ್ತೆ ಎದ್ದಿತು, ಅದೇ ಪುಸ್ತಕದ ಆಧಾರದ ಮೇಲೆ. ನ್ಯೂಸ್ ಚಾನೆಲ್‌ಗಳು ಏನು ಮಾಡಿದವು? ಒಬ್ಬರನ್ನು ಎಡಕ್ಕೆ, ಒಬ್ಬರನ್ನು ಬಲಕ್ಕೆ ಕೂರಿಸಿ ‘ನೀವು ಪರವಾ, ವಿರೋಧವಾ’ ಅಂತ ಕೂಗಾಡಿಸಿದವು. ಒಬ್ಬರು ಕಥೆಯನ್ನೇ ಗೇಲಿ ಮಾಡಿದರು, ಇನ್ನೊಬ್ಬರು ಕಥೆಯನ್ನೇ ನೀಲನಕ್ಷೆ ಅಂದರು. ರೆಕ್ಕೆ ಎಷ್ಟು ಅಗಲ, ತೂಕ ಎಷ್ಟು, ಎತ್ತುವ ಬಲ ಎಲ್ಲಿಂದ ಬರುತ್ತೆ ಅನ್ನೋ ಪ್ರಶ್ನೆ ಆ ಗದ್ದಲದಲ್ಲಿ ಕೇಳಿಸಲಿಲ್ಲ. 2012ರ ಡಿಸೆಂಬರ್ 21ಕ್ಕೆ ಪ್ರಳಯ ಅಂತ ದಿನಗಟ್ಟಲೆ ತೋರಿಸಿದ್ದೂ ಇದೇ ಉದ್ಯಮ. 22ರಂದು ಬೆಳಗ್ಗೆ ಸಾಸಲಿನಲ್ಲಿ ಎಂದಿನಂತೆ ಡೇರಿಗೆ ಹಾಲು ಬಂತು.

ನಷ್ಟ ಯಾರಿಗೆ ಗೊತ್ತಾ? ಮಕ್ಕಳಿಗೆ. ಸಾಸಲಿನಂಥ ಕಡೆ ಸರ್ಕಾರಿ ಶಾಲೆಯ ಒಂದು ಹೆಣ್ಣುಮಗು ‘ಸಾರ್, ಪುಷ್ಪಕ ವಿಮಾನಕ್ಕೆ ಇಂಧನ ಏನು?’ ಅಂತ ಕೇಳಿದ್ರೆ ಆ ಪ್ರಶ್ನೆಗೆ ನಾವು ಹೇಗೆ ಪ್ರತಿಕ್ರಿಯಿಸ್ತೀವಿ? ‘ದೇವರ ವಿಷಯದಲ್ಲಿ ಹಾಗೆಲ್ಲಾ ಕೇಳಬಾರದು’ ಅಂದ್ರೆ ಒಂದು ಬಾಗಿಲು ಮುಚ್ಚಿತು. ‘ಅದೆಲ್ಲಾ ಸುಳ್ಳು, ಬಿಡು’ ಅಂದ್ರೆ ಇನ್ನೊಂದು ಬಾಗಿಲು ಮುಚ್ಚಿತು. ‘ಕಥೆಯಲ್ಲಿ ಅದು ಮನಸ್ಸಿನ ವೇಗದಲ್ಲಿ ಹೋಗುತ್ತಮ್ಮ. ನಿಜವಾದ ವಿಮಾನಕ್ಕೆ ಏನು ಬೇಕು ಅಂತ ನಾಳೆ ನೋಡೋಣ’ ಅಂದ್ರೆ ಎರಡು ಬಾಗಿಲೂ ತೆರೆದವು. ಆ ಮಗುವಿನ ತಲೆ ಮೇಲೆ ದೇವನಹಳ್ಳಿ ವಿಮಾನ ನಿಲ್ದಾಣದಿಂದ ಎದ್ದ ವಿಮಾನಗಳು ದಿನವಿಡೀ ಹಾರ್ತಿವೆ. ಪಕ್ಕದ ಗೌರಿಬಿದನೂರಿನಲ್ಲಿ 1970ರ ದಶಕದಿಂದ ಸಾವಿರ ಆಂಟೆನಾಗಳ ರೇಡಿಯೋ ದೂರದರ್ಶಕ ಆಕಾಶದ ಕಡೆ ಕಿವಿ ಕೊಟ್ಟು ಕೂತಿದೆ. ಉತ್ತರ ಹುಡುಕೋಕೆ ಆ ಮಗು ಅಮೆರಿಕಕ್ಕೆ ಹೋಗಬೇಕಾಗಿಲ್ಲ.

ಕೊನೆಯದಾಗಿ ಒಂದು ಮಾತು. 2019ರ ಸೆಪ್ಟೆಂಬರ್ 7ರ ನಸುಕಿನಲ್ಲಿ ಚಂದ್ರಯಾನ-2ರ ಲ್ಯಾಂಡರ್ ಚಂದ್ರನ ನೆಲಕ್ಕೆ ಸುಮಾರು 2 ಕಿ.ಮೀ. ಇರುವಾಗ ಸಂಪರ್ಕ ಕಳೆದುಕೊಂಡಿತು. ಇಸ್ರೋ ಏನು ಮಾಡಿತು? ಮುಂದಿನ ನೌಕೆಯನ್ನು ‘ಏನೇನು ಸರಿ ಹೋಗಬೇಕು’ ಅಂತ ಯೋಚಿಸಿ ಕಟ್ಟಲಿಲ್ಲ. ‘ಏನೇನು ಕೆಡಬಹುದು’ ಅಂತ ಕೇಳಿ ಕಟ್ಟಿತು. ಸೆನ್ಸರ್ ಕೆಟ್ಟರೆ? ಎಂಜಿನ್ ಕೆಟ್ಟರೆ? ಲೆಕ್ಕ ತಪ್ಪಿದರೆ? ಟೀ ಅಂಗಡಿ ಮುಂದಿನ ಅಣ್ಣ ಕೇಳ್ತಾನಲ್ಲ, ‘ಅಲ್ಲಪ್ಪ, ಹಂಗಾದ್ರೆ?’ ಅಂತ, ಅದೇ ಪ್ರಶ್ನೆ. 2023ರ ಆಗಸ್ಟ್ 23ರ ಸಂಜೆ 6 ಗಂಟೆ 4 ನಿಮಿಷಕ್ಕೆ ಚಂದ್ರಯಾನ-3 ಇಳಿಯಿತು. ಹಾರಿದ್ದಕ್ಕೆ ಪುರಾವೆ ಹಾರಿದ್ದೇ, ಇಳಿದಿದ್ದಕ್ಕೆ ಪುರಾವೆ ಇಳಿದಿದ್ದೇ.

ಇವತ್ತು ರಾತ್ರಿ ಮನೆಯಲ್ಲಿ ಯಾವುದೋ ಸಿನಿಮಾ ನೋಡುವಾಗ ಮಗ ‘ಅಪ್ಪಾ, ಅದು ಹೇಗೆ ಸಾಧ್ಯ?’ ಅಂತ ಮಧ್ಯೆ ಬಾಯಿ ಹಾಕಿದ್ರೆ ‘ಸುಮ್ನೆ ನೋಡೋ’ ಅನ್ನಬೇಡಿ. ಒಂದು ನಿಮಿಷ ಸಿನಿಮಾ ನಿಲ್ಲಿಸಿ, ಅವನ ಮಾತು ಕೇಳಿ.